ಕಣ್ಣಿಗೆ ಕಾಣದ ನೀರು

ಯಂತ್ರಗಳ ಗುಣದೋಷಗಳನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ಎರಡು ಮಾತುಗಳು ನಡೆದುಬಂದಿವೆ. ಯಂತ್ರವು ಮನುಷ್ಯನ ಆಳು. ಒಳ್ಳೆಯದಕ್ಕೆ ಬಳಸಿದರೆ ಒಳ್ಳೆಯದು, ಕೆಟ್ಟದ್ದಕ್ಕೆ ಬಳಸಿದರೆ ಕೆಟ್ಟದು ಎಂಬುದು ಒಂದು. ಯಂತ್ರವೆಂಬುದೇ ಪಿಡುಗು, ಅದು ಕಾಲಿಟ್ಟಲ್ಲಿ ನೆಮ್ಮದಿ ಹಾರಿಹೋಯಿತು ಎಂಬುದು ಇನ್ನೊಂದು. ಹವೆ ಕೆಟ್ಟು, ಮಳೆ ಹದ ತಪ್ಪಿ, ಕೆರೆಕಟ್ಟೆಗಳು ಬತ್ತುತ್ತಿರುವ ಈ ಕಾಲದಲ್ಲಿ ಎರಡನೆಯ ಮಾತಿಗೆ ಬಲ ಬಂದಿರುವುದು ಸಹಜವೇ. ಆದರೆ ಈ ಎರಡು ಮಾತುಗಳೂ ವಿಚಾರವನ್ನು ಆರಂಭದಲ್ಲಿಯೇ ಮುಗಿಸಿಬಿಡುತ್ತವೆ. ಯಂತ್ರವೊಂದು ಮನೆಗೆ ಬಂದಾಗ ಅದು ಕೆಲಸವನ್ನು ಹಗುರ ಮಾಡುವುದರೊಂದಿಗೆ ಯಾವುದನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ ಎಂದು ಕೇಳುವವರು ವಿರಳ. ಹಾಗೆ ಕೇಳುವುದಕ್ಕೆ ದೊಡ್ಡ ಕಾರ್ಖಾನೆಗಳವರೆಗೆ ಹೋಗಬೇಕಾದುದಿಲ್ಲ. ವಾಚಕರ ಹಿತ್ತಲಿನಲ್ಲಿಯೋ ಬೀದಿಯ ಕೊನೆಯಲ್ಲಿಯೋ ಇರುವ ಕೊಳವೆಬಾವಿಯೇ ಸಾಕು.

ಸೇದುವ ಬಾವಿ ಇದ್ದ ಮನೆಗಳಲ್ಲಿ ನೀರಿನ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ. ಹಗ್ಗವೇ ಲೆಕ್ಕ ಹೇಳುತ್ತಿತ್ತು. ಮಾಘ ಕಳೆದು ಫಾಲ್ಗುಣ ಬರುವ ವೇಳೆಗೆ ಇನ್ನೆರಡು ಮೊಳ ಹಗ್ಗ ಬಿಡಬೇಕಾಗುತ್ತಿತ್ತು. ಕೊಡವು ತಳದ ಕಲ್ಲಿಗೆ ತಾಗಿದ ಸದ್ದು ಕೇಳಿದೊಡನೆ ಮನೆಯ ಹೆಂಗಸರು ಬಟ್ಟೆಯ ಗಂಟನ್ನು ಕೆರೆಗೋ ಹೊಳೆಗೋ ಸಾಗಿಸುತ್ತಿದ್ದರು. ಬಾವಿಗೆ ಬಿದ್ದ ತಂಬಿಗೆಯನ್ನು ಪಾತಾಳಗರಡಿಯಿಂದ ಎತ್ತುವಾಗ ಮಕ್ಕಳೂ ಬಗ್ಗಿ ನೋಡಿ, ನೀರು ಎಷ್ಟರಲ್ಲಿದೆ ಎಂಬುದನ್ನು ತಾವಾಗಿಯೇ ಕಲಿಯುತ್ತಿದ್ದರು. ಕೊಳವೆಬಾವಿಯಾದರೋ ಭೂಮಿಯಲ್ಲಿ ಕೊರೆದ ಆರಂಗುಲದ ತೂತು. ಅದರೊಳಕ್ಕೆ ಬಗ್ಗಿ ನೋಡುವಂತಿಲ್ಲ. ಅದರ ಪಂಪು ನೂರಾರು ಅಡಿಗಳ ಕೆಳಗೆ ನೀರಿನಲ್ಲಿ ಮುಳುಗಿರುತ್ತದೆ. ಗುಂಡಿ ಒತ್ತಿದರೆ ಚಾವಣಿಯ ಮೇಲಿನ ತೊಟ್ಟಿ ತುಂಬುತ್ತದೆ. ಚೈತ್ರದಲ್ಲಿಯೂ ಕಾರ್ತಿಕದಲ್ಲಿಯೂ ನಲ್ಲಿಯ ಧಾರೆ ಒಂದೇ ದಪ್ಪ. ಒಂದು ಬೆಳಗ್ಗೆ ಬರಿಯ ಗಾಳಿ ಬಂದಾಗ ಮಾತ್ರ ಕೆಳಗೇನಾಯಿತೆಂಬ ಯೋಚನೆ ಹುಟ್ಟುತ್ತದೆ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉಪಾಧ್ಯಾಯರಾಗಿದ್ದ ಆಲ್ಬರ್ಟ್ ಬೋರ್ಗ್‌ಮನ್ ಎಂಬ ತತ್ತ್ವಜ್ಞಾನಿಯು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಸಂಗತಿಯನ್ನು ಚಳಿದೇಶದ ಅಗ್ಗಿಷ್ಟಿಕೆಯ ದೃಷ್ಟಾಂತದಿಂದ ವಿವರಿಸಿದರು. ಅಗ್ಗಿಷ್ಟಿಕೆ ಇದ್ದ ಮನೆಯಲ್ಲಿ ಸೌದೆ ಒಡೆಯುವವರು, ಒಟ್ಟುವವರು, ಉರಿ ಹಚ್ಚುವವರು ಇದ್ದರು. ಅದರ ಸುತ್ತ ಮನೆಮಂದಿ ಕೂಡುತ್ತಿದ್ದರು. ಈಗ ಗೋಡೆಯ ಗುಂಡಿ ತಿರುಗಿಸಿದರೆ ಮನೆಯೆಲ್ಲ ಬೆಚ್ಚಗಾಗುತ್ತದೆ. ಅದನ್ನು ಉಂಟುಮಾಡುವ ಯಂತ್ರವು ನೆಲಮಾಳಿಗೆಯಲ್ಲಿ ಅಡಗಿರುತ್ತದೆ. ಫಲವೊಂದನ್ನು ಮುಂದಿಟ್ಟು ಉಳಿದುದೆಲ್ಲವನ್ನೂ ತೆರೆಯ ಹಿಂದಿಡುವುದೇ ಈ ಕಾಲದ ಉಪಕರಣಗಳ ಲಕ್ಷಣವೆಂಬುದು ಅವರ ಅಭಿಪ್ರಾಯದ ಸಾರ. ನಮ್ಮ ನಲ್ಲಿಯೂ ಅಂಥದೇ. ಬೆಂಗಳೂರಿನ ನಲ್ಲಿಗೆ 1974ರಿಂದ ಬರುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಹಗಲಿರುಳು ವಿದ್ಯುಚ್ಛಕ್ತಿಯನ್ನು ನುಂಗುತ್ತ ಹತ್ತಿಬರುತ್ತದೆ. ಪಾತ್ರೆ ತೊಳೆಯುವವರಿಗೆ ಇದರ ನೆನಪೇಕೆ ಬಂದೀತು?

ಬೋರ್ಗ್‌ಮನ್‌ರಿಗಿಂತ ಮೊದಲೇ, 1953ರಲ್ಲಿ, ಮಾರ್ಟಿನ್ ಹೈಡೆಗ್ಗರ್ ಮ್ಯೂನಿಕ್ ನಗರದಲ್ಲಿ ಮಾಡಿದ ಉಪನ್ಯಾಸವೊಂದು ಪ್ರಖ್ಯಾತವಾಗಿದೆ. ಆತನು ನಾಜಿ ಪಕ್ಷವನ್ನು ಸೇರಿದ್ದವನು, ಆ ನಡತೆ ನಿಂದ್ಯವಾದುದು. ಆದರೂ ಉಪನ್ಯಾಸವನ್ನು ಓದಿ ಬಿಡಬೇಕಾದುದಿಲ್ಲ. ರೈನ್ ನದಿಯ ಮೇಲಿನ ಹಳೆಯ ಮರದ ಸೇತುವೆ ನದಿಯನ್ನು ನದಿಯಾಗಿಯೇ ಬಿಟ್ಟಿತ್ತು, ಹೊಸ ವಿದ್ಯುದಾಗಾರವಾದರೋ ನದಿಯನ್ನೇ ತನ್ನ ದಾಸ್ತಾನಾಗಿ ಮಾಡಿಕೊಂಡಿತು ಎಂಬುದು ಆತನ ವಾದ. ಮಾತು ಗಂಭೀರವಾದುದೇ. ಆದರೆ ಮೈಸೂರು ಸೀಮೆಯವರಿಗೆ ಇಲ್ಲೊಂದು ತೊಡಕು ಕಾಣದಿರದು. ನಮ್ಮ ಕೆರೆಯೂ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನೀರನ್ನು ದಾಸ್ತಾನು ಮಾಡಿದುದೇ ಅಲ್ಲವೆ? ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂದು 19ನೆಯ ಶತಮಾನದಲ್ಲಿ ಇಲ್ಲಿ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಬರೆಯುವಷ್ಟು ಹಿಂದಿನವರು ಈ ನಾಡನ್ನು ಕೆರೆಗಳಿಂದ ತುಂಬಿದ್ದರು. ಕೆರೆಯೂ ಕೃತಕ, ಅದೂ ಒಂದು ಯಂತ್ರ.

ಆದುದರಿಂದ ಭೇದವನ್ನು ಬೇರೆಡೆ ಹುಡುಕಬೇಕು. ಕೆರೆಯು ತನ್ನ ಅಳತೆಯನ್ನು ಇಡೀ ಊರಿಗೆ ತೋರಿಸುತ್ತಿತ್ತು. ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ. ನೀರು ಅರ್ಧಕ್ಕೆ ನಿಂತರೆ ಆ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭತ್ತ, ಎಷ್ಟು ರಾಗಿ ಎಂಬ ಮಾತು ಏರಿಯ ಮೇಲೆಯೇ ನಡೆಯುತ್ತಿತ್ತು. ತೂಬನ್ನು ಎತ್ತಿ ಇಳಿಸಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡಲು ನೀರಗಂಟಿ ಎಂಬವನೊಬ್ಬನಿದ್ದನು. ಜಗಳಗಳಿರಲಿಲ್ಲವೆಂದಲ್ಲ, ಬೇಕಾದಷ್ಟಿದ್ದವು. ಆದರೆ ಜಗಳವಾಡುವ ಇಬ್ಬರ ಕಣ್ಣಿಗೂ ಬೀಳುತ್ತಿದ್ದುದು ಒಂದೇ ನೀರು. ಕೊಳವೆಬಾವಿ ತೋಡಿದವನಿಗೆ ನೆರೆಯವನ ನೀರು ಕಾಣುವುದಿಲ್ಲ. ತನ್ನ 600 ಅಡಿಯ ಬಾವಿ ನೆರೆಯವನ 300 ಅಡಿಯ ಬಾವಿಯನ್ನು ಬತ್ತಿಸಿದ್ದರೂ ಅವನು ಅದನ್ನು ನೋಡಲಾರನು, ನೆರೆಯವನು ಅದನ್ನು ಸಾಧಿಸಿ ತೋರಿಸಲಾರನು.

ಇಷ್ಟನ್ನು ಹೇಳಿದ ಮೇಲೆ ಹಳೆಯ ಬಾವಿಯನ್ನು ಹೊಗಳಿ ಹಾಡಿಬಿಡುವುದು ಸುಲಭ. ಅದು ಅನ್ಯಾಯವಾದೀತು. ಹಳೆಯ ಬಾವಿ, ಕೆರೆಗಳ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಎಲ್ಲರ ಕೈಗೂ ಸಿಕ್ಕುತ್ತಿರಲಿಲ್ಲ. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡ್ ಪಟ್ಟಣದ ಚವದಾರ ಕೆರೆಯ ನೀರನ್ನು ಮುಟ್ಟಿ ಕುಡಿಯಲು ಸಾವಿರಾರು ಜನರೊಡನೆ ಹೋಗಬೇಕಾಯಿತು. ಅದಕ್ಕಾಗಿ ಆ ಜನರು ಏಟನ್ನೂ ತಿನ್ನಬೇಕಾಯಿತು. 1966–67ರ ಬಿಹಾರದ ಕ್ಷಾಮದ ತರುವಾಯ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ನಮ್ಮ ದೇಶಕ್ಕೆ ಹೆಚ್ಚಾಗಿ ಬಂದವು. 1970ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್ 2 ಎಂಬ ಗಟ್ಟಿಮುಟ್ಟಾದ ಕೈಪಂಪು ಸಿದ್ಧವಾಯಿತು. ಊರ ಬಾವಿಯ ಕಟ್ಟೆ ಹತ್ತಲಾಗದಿದ್ದವರ ಕೇರಿಗಳಿಗೆ ಈ ಪಂಪುಗಳು ತಂದ ನೀರು ಬರಿಯ ನೀರಲ್ಲ. ಇಳಿಯುವ ಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣಿನ ರೋಗವು ದೇಶದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1996ರಲ್ಲಿ. ಅದನ್ನು ತೊಲಗಿಸುವುದರಲ್ಲಿಯೂ ಕೈಪಂಪಿನ ಪಾಲಿದೆ. ಸೊಂಟದ ಮೇಲೆ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸರನ್ನು ಕೇಳದೆ ಹಗ್ಗ-ರಾಟೆಗಳ ಸೌಂದರ್ಯವನ್ನು ವರ್ಣಿಸುವುದು ಗಂಡಸರ ಕಾವ್ಯವೆಂದೇ ನಾನು ತಿಳಿಯುತ್ತೇನೆ.

ಆದರೆ ಕೈಪಂಪಿಗೆ ತೋಳಿನ ಬಲವೇ ಮಿತಿಯಾಗಿತ್ತು; ಅದರಿಂದ ಕಬ್ಬಿನ ತೋಟಕ್ಕೆ ನೀರೆತ್ತುವುದು ಆಗದು. ಅದೇ ತೂತಿಗೆ ಮುಳುಗುವ ಪಂಪನ್ನು ಇಳಿಸಿ ವಿದ್ಯುತ್ತನ್ನು ಕೊಟ್ಟಾಗ ಆ ಮಿತಿ ಹೋಯಿತು. 1882ರ ಈಸ್‌ಮೆಂಟ್ ಕಾನೂನಿನ ಪ್ರಕಾರ ಭೂಮಿಯ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ಮೊದಲೇ ಇದ್ದಿತು. ಏತ, ಕಪಿಲೆಗಳ ಕಾಲದಲ್ಲಿ ಆ ಹಕ್ಕಿನಿಂದ ಯಾರಿಗೂ ಅಷ್ಟಾಗಿ ಕೇಡಾಗಿರಲಿಲ್ಲ, ಎತ್ತುಗಳು ದಣಿಯುತ್ತಿದ್ದವಲ್ಲ! ಯಂತ್ರಕ್ಕೆ ದಣಿವಿಲ್ಲ. 2008ರಲ್ಲಿ ಕರ್ನಾಟಕ ಸರ್ಕಾರವು 10 ಅಶ್ವಶಕ್ತಿಯವರೆಗಿನ ಬೇಸಾಯದ ಪಂಪುಗಳಿಗೆ ವಿದ್ಯುತ್ತನ್ನು ಉಚಿತವಾಗಿ ಮಾಡಿದಾಗ, ನೀರಿನೊಂದಿಗೆ ಅದರ ಬೆಲೆಯೂ ಕಣ್ಮರೆಯಾಯಿತು. ಸಾಲದಲ್ಲಿ ಮುಳುಗಿದ್ದ ರೈತನಿಗೆ ಅದು ಬೇಕಾಗಿತ್ತೆಂಬುದು ನಿಜ. ಇಂದು ಜಗತ್ತಿನಲ್ಲಿ ಪ್ರತಿವರ್ಷ ಮೇಲೆತ್ತುವ ಅಂತರ್ಜಲದಲ್ಲಿ ಸುಮಾರು ಕಾಲುಪಾಲನ್ನು ನಮ್ಮ ದೇಶವೊಂದೇ ಎತ್ತುತ್ತದೆ. ಅದರ ಬಹುಭಾಗ ಹೊಲಗದ್ದೆಗಳಿಗೆ.

ಕೋಲಾರದ ಸೀಮೆಯಲ್ಲಿ ಇದರ ಪರಿಣಾಮವನ್ನು ನೋಡಬಹುದು. ಅಲ್ಲಿ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಸವೆದ ಪದರದಲ್ಲಿ ಮಳೆಯ ನೀರು ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ಅಷ್ಟಿಷ್ಟು. ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಮಾತಿನ ಮೇಲೆ ಸಾಲ ತಂದು, 1000 ಅಡಿ ದಾಟಿ ಕೊರೆಸಿ, ಧೂಳನ್ನೇ ಕಂಡವರು ಅಲ್ಲಿ ಎಷ್ಟೋ ಮಂದಿ. ಆಳದಲ್ಲಿ ಸಿಕ್ಕ ನೀರಿನಲ್ಲಿಯೂ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿದ್ದು ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡಿಸುತ್ತದೆ, ದೊಡ್ಡವರ ಕೀಲುಗಳನ್ನು ಹಿಡಿಯುತ್ತದೆ. ಅದನ್ನು ಸೋಸಲು ಊರೂರಿಗೆ ಮತ್ತೊಂದು ಯಂತ್ರ ಬಂದಿದೆ. ನಗರಗಳ ಅಡಿಗೆಮನೆಯ ಗೋಡೆಗೂ ಇದೇ ಬಗೆಯ ಯಂತ್ರ ಬಂದಿದೆಯಷ್ಟೆ. ಒಂದು ಕೊಡ ಶುದ್ಧಿ ಮಾಡುವಾಗ ಅದು ಸಾಮಾನ್ಯವಾಗಿ ಒಂದು ಕೊಡಕ್ಕಿಂತ ಹೆಚ್ಚಿನ ನೀರನ್ನು ಹಿಂದಿನ ನಳಿಗೆಯಿಂದ ಮೋರಿಗೆ ಬಿಡುತ್ತದೆ. ಗೃಹಿಣಿಯರು ಆ ನೀರನ್ನು ಬಕೀಟಿನಲ್ಲಿ ಹಿಡಿದು ನೋಡಿದರೆ ಲೆಕ್ಕ ತಿಳಿದೀತು. 2018ರಿಂದ ಬೆಂಗಳೂರಿನ ಚರಂಡಿಯ ನೀರನ್ನು ಎರಡು ಹಂತ ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಬಾವಿಗಳಲ್ಲಿ ನೀರು ಏರಿದುದೂ ಉಂಟು. ಆ ನೀರು ಎಷ್ಟು ಶುದ್ಧವೆಂಬ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದೂ ಉಂಟು.

ಬೆಂಗಳೂರಿನಲ್ಲಿ 2024ರ ಬೇಸಗೆಯಲ್ಲಿ ಸರ್ಕಾರದ ಸುಮಾರು 14,000 ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿಹೋಗಿದ್ದುವೆಂದು ಮುಖ್ಯಮಂತ್ರಿಗಳೇ ತಿಳಿಸಿದರು. ಟ್ಯಾಂಕರು ಬರುವ ಹೊತ್ತನ್ನು ಕಾಯುತ್ತ ಕುಳಿತ ಮನೆಗಳ ಪೈಕಿ ವಾಚಕರ ಮನೆಯೂ ಇದ್ದಿರಬಹುದು. ಆ ಊರಿನ ಕೆರೆಗಳಾದರೂ ಎಲ್ಲರ ಕಣ್ಣೆದುರಿಗೇ ಇದ್ದುವಲ್ಲ, ಅವೇಕೆ ಉಳಿಯಲಿಲ್ಲ? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ಕಿನ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದ ಮೇಲೆ ಊರೊಳಗಿನ ಕೆರೆ ಕ್ರಮೇಣ ಊರಿಗೆ ಬೇಡವಾಯಿತು. ಬೇಡವಾದುದನ್ನು ಕಣ್ಣು ಕಂಡರೂ ಮನಸ್ಸು ಕಾಣದು. ಆದುದರಿಂದ ನೀರು ಕಾಣುವಂತಿದ್ದರೆ ಸಾಲದು, ಅದನ್ನು ನೋಡುವುದು ಯಾರಿಗಾದರೂ ನಿತ್ಯದ ಅಗತ್ಯವಾಗಿರಬೇಕು.

ಗಾಂಧಿಯವರು ಯಂತ್ರಗಳನ್ನು ಖಂಡಿಸುತ್ತಿದ್ದ ದಿನಗಳಲ್ಲಿಯೇ, 1924ರಲ್ಲಿ, ಹೊಲಿಗೆಯ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಅವರು ಹೇಳಿದ ಕಾರಣಗಳು ಬೇರೆ. ನನಗೆ ತೋರುವ ಒಂದು ಕಾರಣವೆಂದರೆ, ಕಾಲಿನಿಂದ ತುಳಿಯುವ ಆ ಯಂತ್ರವು ಏನನ್ನೂ ಬಚ್ಚಿಡುವುದಿಲ್ಲ. ನೂಲು ಎಲ್ಲಿಂದ ಬಂತು, ಎಷ್ಟು ಉಳಿಯಿತು ಎಂಬುದು ಹೊಲಿಯುವವಳ ಕಣ್ಣೆದುರಿಗೇ ಇರುತ್ತದೆ.

ಕೊಳವೆಬಾವಿಯನ್ನು ಇನ್ನು ಮುಚ್ಚಿ ಕೂರಲಾಗದು. ಅದು ಬಚ್ಚಿಟ್ಟುದನ್ನು ಹೊರಗೆ ತರುವ ಪ್ರಯತ್ನಗಳಾದರೂ ನಡೆದಿವೆ. ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ 2003ರ ತರುವಾಯದ ಕೆಲವು ವರ್ಷಗಳು ನೂರಾರು ಹಳ್ಳಿಗಳ ರೈತರು ತಾವೇ ಮಳೆಯನ್ನು ಅಳೆದರು, ಕೊಳವೆಬಾವಿಗಳೊಳಗೆ ಅಳತೆಯ ಪಟ್ಟಿ ಇಳಿಸಿ ನೀರಿನ ಮಟ್ಟವನ್ನು ಗುರುತುಹಾಕಿದರು. ಹಿಂಗಾರಿನ ಬಿತ್ತನೆಗೆ ಮುಂಚೆ ಒಟ್ಟುಗೂಡಿ, ಇರುವ ನೀರೆಷ್ಟು, ಅಂದುಕೊಂಡ ಬೆಳೆಗಳಿಗೆ ಬೇಕಾದುದೆಷ್ಟು ಎಂದು ಕೂಡಿಕಳೆದರು. ಇಂಥ ಬೆಳೆಯನ್ನು ಬಿಡಿರೆಂದು ಅಪ್ಪಣೆ ಮಾಡುವವರು ಯಾರೂ ಇರಲಿಲ್ಲ. ಆದರೂ ಅನೇಕರು ಭತ್ತವನ್ನು ಕಡಮೆ ಮಾಡಿದರು.

ಬೆಂಗಳೂರಿನಲ್ಲಿ 2009ರಿಂದ ಮಳೆಯ ನೀರು ಹಿಡಿಯುವುದು ದೊಡ್ಡ ನಿವೇಶನಗಳಿಗೆ ಕಾನೂನಿನಿಂದ ಕಡ್ಡಾಯ. ಎಷ್ಟೋ ಮನೆಗಳಲ್ಲಿ ಅದು ಕೊಳಾಯಿಯೊಂದನ್ನು ತೋರಿಸುವಷ್ಟಕ್ಕೆ ಮುಗಿಯುತ್ತದೆ. ಮನಸ್ಸಿಟ್ಟು ಮಾಡಿಸುವವರು ಭೋವಿ ಸಮಾಜದ ಬಾವಿ ತೋಡುವವರನ್ನು ಕರೆಸುತ್ತಾರೆ. ತಲೆತಲಾಂತರದಿಂದ ಬಾವಿಯನ್ನೇ ನಂಬಿ ಬಾಳಿದ ಇವರಿಗೆ ಕೊಳವೆಬಾವಿ ಬಂದ ಮೇಲೆ ಕೆಲಸ ತಪ್ಪಿಹೋಗಿತ್ತು. ಈಗ ಇಂಗುಬಾವಿಗಳ ದೆಸೆಯಿಂದ ಮರಳಿ ಸಿಕ್ಕಿದೆ. ಮೂರಡಿ ಅಗಲ, ಇಪ್ಪತ್ತಡಿ ಆಳ ತೋಡಿ, ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸಿ, ಚಾವಣಿಯ ಮಳೆನೀರನ್ನು ಅದಕ್ಕೆ ತಿರುಗಿಸುತ್ತಾರೆ. ಕೆಲವು ಬಡಾವಣೆಗಳಲ್ಲಿ ಇಂಥ ಬಾವಿಗಳು ಹೆಚ್ಚಾದ ಮೇಲೆ ಅವುಗಳ ತಳದಲ್ಲಿಯೇ ನೀರು ನಿಲ್ಲತೊಡಗಿದೆ. ಮುಚ್ಚಳ ಸರಿಸಿ ಬಗ್ಗಿದರೆ, ಎಷ್ಟರಲ್ಲಿದೆ ಎಂಬುದು ಕಾಣುತ್ತದೆ.