ಯಾರ ಕದ ತಟ್ಟಬೇಕು?

ಮನವಿ ಪತ್ರ ಬರೆಯುವುದು ಒಂದು ಸಂಜೆಯ ಕೆಲಸ, ಅದಕ್ಕೆ ಸಹಿ ಹಾಕಿಸುವುದು ತಿಂಗಳುಗಟ್ಟಲೆ ಕೆಲಸ. ಇವೆರಡರ ನಡುವೆ ಇನ್ನೊಂದು ಕೆಲಸವಿದೆ. ಯಾರ ಹತ್ತಿರ ಹೋಗಬೇಕು, ಯಾರ ಹತ್ತಿರ ಹೋಗಬೇಕಾಗಿಲ್ಲ ಎಂದು ಕೂತು ತೀರ್ಮಾನಿಸುವುದು. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ.

ಊರಲ್ಲೊಂದು ಮನವಿ ಸಿದ್ಧವಾದೊಡನೆ ನಾಲ್ಕು ಜನ ಉತ್ಸಾಹಿಗಳು ಮೊದಲು ಹೋಗುವುದು ತಮ್ಮ ಗೆಳೆಯರ ಬಳಿಗೆ. ಅಲ್ಲಿ ಸಹಿ ಮುಗಿದ ಮೇಲೆ, ಅದೇನು ಚಟವೋ, ನೇರವಾಗಿ ಊರಿನ ಅತಿ ದೊಡ್ಡ ವಿರೋಧಿಯ ಜಗಲಿಗೆ ಹೋಗಿ ಕೂರುತ್ತಾರೆ. ಎರಡು ತಾಸು ವಾದ ನಡೆಯುತ್ತದೆ, ಕಾಫಿಯೂ ಆಗುತ್ತದೆ, ಸಹಿಯೊಂದು ಆಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಅದೇ ಬೀದಿಯ ಹತ್ತಾರು ಮನೆಗಳಿಗೆ ಹೋಗಿ ಬರಬಹುದಿತ್ತು. ಆ ಮನೆಗಳಲ್ಲಿ ಎಷ್ಟೋ ಮಂದಿ ಒಪ್ಪುತ್ತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

ಈ ಅಧ್ಯಾಯ ಆ ಕೇಳದೆ ಉಳಿದವರ ಬಗ್ಗೆ. ಅವರನ್ನು ಹುಡುಕಿಕೊಂಡು ಹೋದವರ ಕತೆಯೊಂದಿದೆ. ಅದು ನಡೆದದ್ದು ನ್ಯೂಜಿಲೆಂಡಿನಲ್ಲಿ, 1885ರಿಂದ 1893ರ ನಡುವೆ. ಅವರು ಕೇಳಿದ್ದು ಹೆಂಗಸರಿಗೆ ಓಟಿನ ಹಕ್ಕು. ಸ್ವಯಮಾಡಳಿತವಿದ್ದ ಯಾವ ದೇಶವೂ ಆಗ ಅದನ್ನು ಕೊಟ್ಟಿರಲಿಲ್ಲ.

ಸಾರಾಯಿಯಿಂದ ಓಟಿನವರೆಗೆ

1885ರಲ್ಲಿ ಅಮೆರಿಕದ ಮೇರಿ ಲೆವಿಟ್ ನ್ಯೂಜಿಲೆಂಡಿಗೆ ಬಂದು ಭಾಷಣ ಮಾಡಿದರು. ಕ್ರೈಸ್ತ ಮಹಿಳೆಯರ ಪಾನನಿರೋಧ ಸಂಘ ಅಲ್ಲಿ ಹುಟ್ಟಿದ್ದು ಹಾಗೆ. ಸಂಘದ ಮೊದಮೊದಲ ಮನವಿಗಳಲ್ಲಿ ಓಟಿನ ಮಾತಿರಲಿಲ್ಲ. ಮಕ್ಕಳಿಗೆ ಮದ್ಯ ಮಾರಬಾರದು, ಬಾರುಗಳಲ್ಲಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಷ್ಟೇ ಅವು ಕೇಳಿದ್ದವು. ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಓಟಿಲ್ಲದವರ ಮನವಿಯನ್ನು ಯಾವ ರಾಜಕಾರಣಿಯೂ ಓದುವುದಿಲ್ಲ ಎಂಬುದು ಕ್ರೈಸ್ಟ್‌ಚರ್ಚ್ ನಗರದ ಕೇಟ್ ಶೆಪರ್ಡ್ ಅವರಿಗೆ ಆಗ ಮನದಟ್ಟಾಯಿತು. ಕುಡಿತದ ವಿರುದ್ಧ ಹೊರಟ ಹೆಂಗಸರು ಅಧಿಕಾರದ ಬಾಗಿಲಿಗೆ ಬಂದು ನಿಲ್ಲುವುದು ನಮಗೂ ಹೊಸತಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳಿಕೊಂಡು ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದಿದ್ದರು.

1887ರಲ್ಲಿ ಸಂಘದ ಮತಾಧಿಕಾರ ವಿಭಾಗದ ಹೊಣೆ ಶೆಪರ್ಡ್ ಅವರ ಹೆಗಲಿಗೆ ಬಂತು. ಮರುವರ್ಷ ಅವರು ಹೆಂಗಸರಿಗೆ ಓಟು ಏಕೆ ಬೇಕು ಎನ್ನುವುದಕ್ಕೆ ಹತ್ತು ಕಾರಣ ಕೊಟ್ಟು ಒಂದು ಕರಪತ್ರ ಅಚ್ಚು ಹಾಕಿಸಿ ಕೆಳಮನೆಯ ಸದಸ್ಯರಿಗೆಲ್ಲ ಕಳಿಸಿದರು. ಆಮೇಲೆ ಸಹಿ ಸಂಗ್ರಹ ಶುರುವಾಯಿತು. 1891ರಲ್ಲಿ 9 ಸಾವಿರಕ್ಕಿಂತ ಹೆಚ್ಚು ಸಹಿ, 1892ರಲ್ಲಿ ಹೆಚ್ಚುಕಡಿಮೆ 20 ಸಾವಿರ, 1893ರಲ್ಲಿ 31,872.

ಎರಡೇ ವರ್ಷದಲ್ಲಿ ಸಹಿ ಮೂರು ಪಟ್ಟಿಗಿಂತ ಹೆಚ್ಚಾಯಿತು. ಹಾಗೆಂದು ದೇಶದ ಹೆಂಗಸರ ಮನಸ್ಸು ಅಷ್ಟು ಬೇಗ ತಿರುಗಿತು ಎಂದುಕೊಳ್ಳಬೇಕೆ? ನನಗೆ ಹಾಗನ್ನಿಸುವುದಿಲ್ಲ. ಮೊದಲೇ ಒಪ್ಪಿದ್ದವರ ಮನೆಗಳನ್ನು ಅವರು ಒಂದೊಂದಾಗಿ ತಲುಪುತ್ತಾ ಹೋದರು ಎಂದೇ ಈ ಅಂಕಿಗಳನ್ನು ಓದಬೇಕು. ನಗರಗಳಲ್ಲಿ ಬೀದಿಬೀದಿ ಹಂಚಿಕೊಂಡರು, ಹಳ್ಳಿಗಾಡಿನ ಒಂಟಿ ಮನೆಗಳಿಗೂ ಹಾಳೆಗಳು ಹೋದವು. ಆ ಕೊನೆಯ ವರ್ಷ ಸಹಿ ಹಾಕಿದವರು ಅಲ್ಲಿನ ಯುರೋಪಿಯನ್ ಮೂಲದ ವಯಸ್ಕ ಹೆಂಗಸರಲ್ಲಿ ಕಾಲುಭಾಗದಷ್ಟು. ಉಳಿದ ಮುಕ್ಕಾಲು ಭಾಗದ ಸಹಿ ಇಲ್ಲದೆಯೇ ಮನವಿ ಸಂಸತ್ತಿಗೆ ಹೋಯಿತು.

ಬಿಟ್ಟುಹೋದವರು ಯಾರು?

ಸಹಿ ಕೇಳಲು ಹೊರಡುವ ಪ್ರತಿ ಗುಂಪಿಗೂ ಒಂದು ಬಣ್ಣವಿರುತ್ತದೆ. ಶೆಪರ್ಡ್ ಅವರ ಗುಂಪಿನದು ಪಾನನಿರೋಧದ ಬಣ್ಣ. ಅದರಿಂದ ಬಲವೂ ಬಂತು: ಊರೂರಲ್ಲಿ ಶಾಖೆ, ಆಗಾಗ ಸೇರುವ ಹೆಂಗಸರು, ಪಾನನಿರೋಧದ ಪತ್ರಿಕೆಯಲ್ಲಿ ಅವರದೇ ಪುಟ. ಆದರೆ ಗೋಡೆಯೂ ಅದೇ. ಹೆಂಗಸರಿಗೆ ಓಟು ಇರಲಿ, ಆದರೆ ಈ ಸಾರಾಯಿ ನಿಷೇಧದ ಸಹವಾಸ ನಮಗೆ ಬೇಡ ಎನ್ನುವವರು ಬೇಕಾದಷ್ಟಿದ್ದರು. ಅವರು ಓಟಿನ ವಿರೋಧಿಗಳಲ್ಲ, ಹೊಸ್ತಿಲಲ್ಲಿ ನಿಂತವರ ವಿರೋಧಿಗಳು.

ಈ ತೊಡಕನ್ನು ಬಿಡಿಸಿದ ಬಗೆ ನನಗೆ ಈ ಇಡೀ ಕತೆಯಲ್ಲಿ ತುಂಬ ಮೆಚ್ಚುಗೆಯಾದದ್ದು. 1892ರ ಏಪ್ರಿಲ್‌ನಲ್ಲಿ ಡುನೆಡಿನ್ ಪಟ್ಟಣದಲ್ಲಿ ಮಹಿಳಾ ಮತಾಧಿಕಾರ ಲೀಗ್ ಎಂಬ ಬೇರೆಯೇ ಸಂಸ್ಥೆ ಕಟ್ಟಿದರು. ಮೇರಿಯನ್ ಹ್ಯಾಟನ್ ಮತ್ತು ಹೆಲೆನ್ ನಿಕೋಲ್ ಅದರ ಮುಂದಾಳುಗಳು. ಕುಡಿತದ ಬಗ್ಗೆ ಯಾರ ಅಭಿಪ್ರಾಯ ಏನಿದ್ದರೂ ಅಲ್ಲಿ ಅಡ್ಡಿಯಿಲ್ಲ, ಓಟು ಬೇಕು ಎಂದರೆ ಸಾಕು. ಬೇರೆ ಊರುಗಳಲ್ಲೂ ಇಂಥ ಲೀಗ್‌ಗಳು ಬಂದವು. ಹಳೆಯ ಸಂಘವನ್ನು ಮುಚ್ಚಲಿಲ್ಲ, ಅದರ ಬಣ್ಣ ತೊಳೆಯಲೂ ಹೋಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದರು, ಅಷ್ಟೇ.

ಅದೇ ಡುನೆಡಿನ್‌ನಲ್ಲಿ 1889ರಿಂದ ಬಟ್ಟೆ ಹೊಲಿಯುವ ಹೆಂಗಸರ ಕಾರ್ಮಿಕ ಸಂಘವೊಂದಿತ್ತು. ಅದರ ಮುಂದಾಳು ಹ್ಯಾರಿಯೆಟ್ ಮಾರಿಸನ್ ಹಾಳೆಗಳನ್ನು ಕೆಲಸಗಾರ ಹೆಂಗಸರ ನಡುವೆ ತೆಗೆದುಕೊಂಡು ಹೋದರು. ಹಗಲು ಮನೆಬಾಗಿಲಿಗೆ ಹೋದರೆ ಈ ಹೆಂಗಸರು ಸಿಗುವವರೇ ಅಲ್ಲ. ಅವರಂತೆಯೇ ದಿನವೆಲ್ಲ ಸೂಜಿ ಹಿಡಿದವಳೊಬ್ಬಳು ಬಂದು ಕೇಳಿದರೆ ಮಾತು ಬೇರೆಯಾಗುತ್ತದೆ. ಆ ಮನವಿಗಳಿಗೆ ಡುನೆಡಿನ್‌ನಿಂದ ದೊಡ್ಡ ಪಾಲು ಸಹಿ ಬಂದದ್ದು ಆಕಸ್ಮಿಕವಲ್ಲ.

ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಹೆಂಗಸರ ದಾರಿ ಬೇರೆಯೇ ಆಗಿತ್ತು. ಮೇರಿ ತೆ ತೈ ಮಂಗಕಾಹಿಯಾ 1893ರ ಮೇ ತಿಂಗಳಲ್ಲಿ ಮಾವೊರಿಗಳೇ ಕಟ್ಟಿಕೊಂಡಿದ್ದ ಕೊಟಹಿತಂಗ ಸಂಸತ್ತಿನ ಮುಂದೆ ನಿಂತು ಮಾತಾಡಿದರು. ಓಟು ಹಾಕುವ ಹಕ್ಕಷ್ಟೇ ಅಲ್ಲ, ಆ ಸಭೆಯಲ್ಲಿ ಸದಸ್ಯರಾಗಿ ಕೂರುವ ಹಕ್ಕೂ ಬೇಕು ಎಂದರು. ತಮ್ಮ ಜನ ಯಾರ ಮಾತು ಕೇಳುತ್ತಾರೋ ಅವರ ಬಳಿಗೇ ಹೋದರು.

ಕೇಳುವವರು ಯಾರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಅಮೆರಿಕದಿಂದ ಒಳ್ಳೆಯ ಸಾಕ್ಷ್ಯವಿದೆ. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಅಲ್ಲಿನ ಕಾಂಗ್ರೆಸ್ಸಿಗೆ ಮನವಿಗಳ ಮಳೆಯೇ ಸುರಿಯಿತು. ಆ ಮನವಿಗಳನ್ನು ಇತ್ತೀಚೆಗೆ ಡೇನಿಯಲ್ ಕಾರ್ಪೆಂಟರ್ ಮತ್ತು ಕಾಲಿನ್ ಮೂರ್ ಎಂಬ ವಿದ್ವಾಂಸರು ಲೆಕ್ಕ ಹಾಕಿ ನೋಡಿದರು. ಹೆಂಗಸರು ಒಯ್ದ ಹಾಳೆಗೆ ಗಂಡಸರು ಒಯ್ದ ಹಾಳೆಗಿಂತ ಸುಮಾರು ಅರ್ಧಪಟ್ಟು ಹೆಚ್ಚು ಸಹಿ ಬಿದ್ದಿತ್ತು. ಅವರು ಒಳ್ಳೆಯ ಮಾತುಗಾರರಾಗಿದ್ದುದು ಒಂದು ಕಾರಣವಾದರೆ, ನೆರೆಮನೆಯ ಹಿತ್ತಲಿಗೆ, ಪ್ರಾರ್ಥನೆಯ ಕೂಟಕ್ಕೆ, ಹೊಲಿಗೆಯ ಗುಂಪಿಗೆ ಸಲೀಸಾಗಿ ಹೋಗಬಲ್ಲವರಾಗಿದ್ದುದು ಇನ್ನೊಂದು ಕಾರಣವಿರಬಹುದು.

ಸುಳ್ಳು ಸಹಿಯ ಸಾಲ

ನ್ಯೂಜಿಲೆಂಡಿನ ಎದುರು ಪಕ್ಷದವರೂ ಸುಮ್ಮನಿರಲಿಲ್ಲ. ಡುನೆಡಿನ್‌ನ ಸಂಸದ ಹೆನ್ರಿ ಫಿಶ್ ಕೂಲಿಯವರನ್ನಿಟ್ಟು ಪಬ್ಬುಗಳಲ್ಲಿ ವಿರೋಧದ ಮನವಿಗೆ ಸಹಿ ಹಾಕಿಸಿದರು. ಅದರಲ್ಲಿ ಸುಳ್ಳು ಸಹಿಗಳೂ, ಮೋಸದಿಂದ ಹಾಕಿಸಿಕೊಂಡ ಸಹಿಗಳೂ ಇದ್ದದ್ದು ಬಯಲಾಗಿ ಇಡೀ ಪ್ರಯತ್ನ ನಗೆಪಾಟಲಾಯಿತು. ಲಾಭವಾದದ್ದು ಹೆಂಗಸರಿಗೆ.

ಇಂಗ್ಲೆಂಡಿನ ಚಾರ್ಟಿಸ್ಟರು ಇದೇ ಹಳ್ಳಕ್ಕೆ ಇನ್ನೂ ಜೋರಾಗಿ ಬಿದ್ದಿದ್ದರು. 1848ರ ಏಪ್ರಿಲ್‌ನಲ್ಲಿ ಕಾರ್ಮಿಕರಿಗೆ ಓಟು ಕೇಳಿ ಅವರು ಕೊಟ್ಟ ಮನವಿಯಲ್ಲಿ 57 ಲಕ್ಷ ಸಹಿ ಇದೆಯೆಂದು ಮುಖಂಡ ಫರ್ಗಸ್ ಓಕಾನರ್ ಹೇಳಿಕೊಂಡರು. ಸಂಸತ್ತಿನ ಗುಮಾಸ್ತರು ಎಣಿಸಿದಾಗ ಸಿಕ್ಕಿದ್ದು 19,75,496. ಸಹಿಗಳ ನಡುವೆ ವಿಕ್ಟೋರಿಯಾ ರಾಣಿಯ ಹೆಸರಿತ್ತು, ಸೇನಾಪತಿ ವೆಲಿಂಗ್ಟನ್ನನ ಹೆಸರಿತ್ತು, 'ಮೊಂಡು ಮೂಗ'ನಂಥ ತಮಾಷೆಯ ಹೆಸರುಗಳಿದ್ದವು. ಸುಮಾರು 20 ಲಕ್ಷ ಸಹಿ ಎಂದರೆ ಆ ಕಾಲಕ್ಕೆ ಬೆಚ್ಚಿಬೀಳಿಸುವ ಸಂಖ್ಯೆ. ಆದರೆ ಮರುದಿನದಿಂದ ಜನ ಮಾತಾಡಿದ್ದು ಆ 20 ಲಕ್ಷದ ಬಗ್ಗೆ ಅಲ್ಲ, ಮೊಂಡು ಮೂಗನ ಬಗ್ಗೆ. ಸಿಕ್ಕಸಿಕ್ಕವರಿಂದ ಸಹಿ ಹಾಕಿಸಿದರೆ ಆಗುವುದು ಹೀಗೆ.

ಶೆಪರ್ಡ್ ಅವರ ಹಾಳೆಗಳಲ್ಲಿ ಹೆಸರಿನ ಎದುರು ವಿಳಾಸವಿರುತ್ತಿತ್ತು. ಸಹಿ ಹಾಕುವವರಿಗೆ 21 ವರ್ಷ ತುಂಬಿರಬೇಕಿತ್ತು, ಓಟಿಗೆ ಕೇಳಿದ್ದೂ ಅದೇ ವಯಸ್ಸನ್ನು. ಯಾವ ಸಂಸದ ಅನುಮಾನಪಟ್ಟರೂ ಹೋಗಿ ಕದ ತಟ್ಟಿ ವಿಚಾರಿಸಬಹುದಿತ್ತು.

ಬೇಲಿಯ ಮೇಲೆ ಕೂತವರು

ಇನ್ನು ಮನವೊಲಿಸುವ ಮಾತು. ಕೆಲವರನ್ನು ಒಲಿಸಲೇಬೇಕಾಗುತ್ತದೆ, ಒಪ್ಪಿದವರಷ್ಟೇ ಸಾಲುವುದಿಲ್ಲ. ಹಾಗಿದ್ದರೆ ಯಾರನ್ನು?

2018ರಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ಅಮೆರಿಕದ ಸಂಶೋಧಕರು ಚುನಾವಣಾ ಪ್ರಚಾರದ ಕುರಿತ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮನೆಮನೆ ಭೇಟಿ, ಫೋನು, ಅಂಚೆ ಎಲ್ಲವೂ ಅದರಲ್ಲಿದ್ದವು. ಸಾರ್ವತ್ರಿಕ ಚುನಾವಣೆಯ ಹೊಸ್ತಿಲಲ್ಲಿ ಇವೆಲ್ಲ ಸೇರಿ ಜನರ ಆಯ್ಕೆಯನ್ನು ಎಷ್ಟು ಬದಲಿಸುತ್ತವೆ ಎಂದರೆ, ಸರಾಸರಿ ಸೊನ್ನೆ. ಪ್ರಚಾರಕ್ಕೆ ಹಣ ಸುರಿಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಆದರೆ ಆ ಸೊನ್ನೆಗೆ ಅವರು ಕಂಡ ಅಪವಾದಗಳಲ್ಲಿ ಒಂದು ನಮಗೆ ಮುಖ್ಯ. ಮನಸ್ಸು ಬದಲಿಸಬಲ್ಲವರು ಯಾರೆಂದು ಮೊದಲೇ ಬಹಳ ಶ್ರಮಪಟ್ಟು ಗುರುತಿಸಿ, ಅವರ ಬಳಿಗೆ ಮಾತ್ರ ಹೋದ ಕಡೆ ಫಲ ಕಂಡಿತ್ತು.

ಇದೇ ಇಬ್ಬರು 2016ರಲ್ಲಿ ಮಯಾಮಿ ನಗರದ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಲಿಂಗಪರಿವರ್ತಿತರ ಬಗೆಗಿನ ಪೂರ್ವಗ್ರಹದ ವಿಷಯ ಅದು. ಮನೆಬಾಗಿಲಲ್ಲಿ ನಿಂತು ಸುಮಾರು 10 ನಿಮಿಷ ಮಾತು. ಆದರೆ ಭಾಷಣವಲ್ಲ. ನಿಮ್ಮನ್ನು ಯಾರಾದರೂ ಬೇರೆಯವನೆಂದು ಹೀಗಳೆದದ್ದುಂಟೆ ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳುವುದು. ಅದರ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. ಅಂದರೆ ಮನಸ್ಸು ಬದಲಾಗುವುದೇ ಇಲ್ಲ ಎಂದೇನಲ್ಲ. ಒಂದೊಂದು ಮನಸ್ಸಿಗೆ ಅಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಎಲ್ಲರಿಗೂ ಕೊಡಲು ಯಾವ ಸಂಘದ ಬಳಿಯೂ ಜನರಿಲ್ಲ.

ಹಾಗಾಗಿ ಬೀದಿಗಿಳಿಯುವ ಮುಂಚೆ ಒಂದು ನೋಟುಬುಕ್ಕು ತೆಗೆದು ಹೆಸರುಗಳನ್ನು ಬರೆದುಕೊಳ್ಳುವುದು ವಾಸಿ. ಜೊತೆಗೆ ಬಂದು ಸಹಿ ಕೇಳಬಲ್ಲವರು, ಕೇಳಿದರೆ ಹಾಕುವವರು, ಇನ್ನೂ ಏನೂ ತೀರ್ಮಾನಿಸದವರು, ಬೇಡ ಎನ್ನುವವರು, ಎದುರು ಮನವಿ ಬರೆಯುವವರು. ಮೊದಲ ಗುಂಪಿಗೆ ಸಹಿ ಹಾಕಿಸಿ ಸುಮ್ಮನಾಗುವುದು ದೊಡ್ಡ ನಷ್ಟ, ಅವರ ಕೈಗೂ ಒಂದು ಹಾಳೆ ಕೊಡಬೇಕು. ಎರಡನೆಯ ಗುಂಪಿಗೆ ವಾದ ಬೇಕಿಲ್ಲ, ಪೆನ್ನು ಬೇಕು. ಹತ್ತು ನಿಮಿಷದ ಮಾತು ಮೂರನೆಯವರಿಗೆ ಮೀಸಲು. ಕೊನೆಯ ಎರಡು ಗುಂಪಿಗೆ ಒಂದು ನಮಸ್ಕಾರ.

ಮೂರನೆಯವರು ಯಾರೆಂದು ಬಾಗಿಲಲ್ಲಿ ಗೊತ್ತಾಗುವುದು ಹೇಗೆ? 'ಆಮೇಲೆ ನೋಡೋಣ ಬನ್ನಿ' ಎಂದರೆ ನಮ್ಮ ಕಡೆ ಬಹುಪಾಲು ಬೇಡ ಎಂದೇ ಅರ್ಥ, ಮರ್ಯಾದೆಯ ಮಾತದು. 'ಇದರಿಂದ ನಮಗೇನಾದರೂ ತೊಂದರೆ ಆಗುತ್ತದೆಯೆ?' ಎಂದು ಕೇಳುವವರು, 'ನೀವು ಹೇಳುವುದು ಸರಿ, ಆದರೆ…' ಎಂದು ಎಳೆಯುವವರು, ಕೂತು ಮಾತಾಡಬೇಕಾದವರು. ಆ 'ಆದರೆ'ಯ ಆಚೆ ಏನಿದೆಯೋ ಅದನ್ನು ಅವರ ಬಾಯಲ್ಲೇ ಕೇಳಬೇಕು.

ತೀರ್ಮಾನ ಮಾಡುವವರು

ಬೀದಿಯ ಪಟ್ಟಿಯ ಜೊತೆಗೆ ಇನ್ನೊಂದು ಚಿಕ್ಕ ಪಟ್ಟಿ ಬೇಕು: ಮನವಿಯ ಮೇಲೆ ತೀರ್ಮಾನ ಕೈಗೊಳ್ಳುವವರು ಮತ್ತು ಅವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರು. ಡಿಸಿ ಕಚೇರಿಯ ಮೆಟ್ಟಿಲ ಮೇಲೆ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುವವರು ಈ ಪಟ್ಟಿ ಮಾಡಿಯೇ ಇರುವುದಿಲ್ಲ.

ಶೆಪರ್ಡ್ ಸಂಸತ್ತಿನಲ್ಲಿ ಆರಿಸಿಕೊಂಡ ಜೊತೆಗಾರ ಸರ್ ಜಾನ್ ಹಾಲ್. ಹಿಂದೆ ಪ್ರಧಾನಿಯಾಗಿದ್ದವರು, ಕುರಿ ಸಾಕುವ ಭೂಮಾಲೀಕರು, ಸಂಪ್ರದಾಯವಾದಿ ಬಣದವರು. ಸುಧಾರಕರ ಮನವಿಯನ್ನು ಸುಧಾರಕನೊಬ್ಬ ಮಂಡಿಸಿದ್ದರೆ ಎದುರಿನ ಸಾಲಿನವರು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಶೆಪರ್ಡ್ 500ಕ್ಕೂ ಹೆಚ್ಚು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆಯ ಕೋಲಿನ ತುಂಡಿಗೆ ಸುತ್ತಿ ಕಳಿಸಿದರು ಎನ್ನುತ್ತಾರೆ. ಬಿಡಿಸಿದರೆ ಸುಮಾರು 270 ಮೀಟರ್ ಉದ್ದ. ಹಾಲ್ ಅದನ್ನು ಸದನದ ನಡುದಾರಿಯಲ್ಲಿ ಉರುಳಿಸಿಬಿಟ್ಟರು, ಸುರುಳಿ ಆಚೆ ಗೋಡೆಗೆ ಹೋಗಿ ಬಡಿಯಿತು. ಆ ವರ್ಷದ 13 ಮನವಿಗಳಲ್ಲಿ ಇಂದು ಉಳಿದಿರುವುದು ಇದೊಂದೇ, ವೆಲಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪ್ರದರ್ಶನಕ್ಕಿದೆ.

ಕೆಳಮನೆ ಹಿಂದೆಯೂ ಒಪ್ಪಿತ್ತು, ತಡೆಯುತ್ತಿದ್ದುದು ಮೇಲ್ಮನೆ. ಪ್ರಧಾನಿ ರಿಚರ್ಡ್ ಸೆಡನ್ ಅವರಿಗೂ ಈ ಮಸೂದೆ ಸೋತರೆ ಸಾಕಿತ್ತು. ಅವರು ಮೇಲ್ಮನೆಯ ತಮ್ಮ ಪಕ್ಷದವರೊಬ್ಬರ ಮೇಲೆ ಒತ್ತಡ ಹಾಕಿ ಮತ ಬದಲಿಸುವಂತೆ ಮಾಡಿದರು. ಈ ಕೈವಾಡಕ್ಕೆ ಸಿಟ್ಟಾಗಿ ವಿರೋಧ ಪಕ್ಷದ ಇಬ್ಬರು ಸದಸ್ಯರು ಹೆಂಗಸರ ಪರ ಮತ ಹಾಕಿಬಿಟ್ಟರು. 1893ರ ಸೆಪ್ಟೆಂಬರ್ 8ರಂದು ಮಸೂದೆ ಗೆದ್ದದ್ದು 20–18ರಲ್ಲಿ. ಆ ಕೊನೆಯ ಎರಡು ಮತ ಮನವಿಯಿಂದ ಬಂದದ್ದಲ್ಲ, ಹಗೆಯಿಂದ ಬಂದದ್ದು. ಆದರೆ ಎರಡು ಮತ ನಿರ್ಣಾಯಕವಾಗುವ ಜಾಗಕ್ಕೆ ಮಸೂದೆಯನ್ನು ತಂದು ನಿಲ್ಲಿಸಿದ್ದರಲ್ಲಿ 31,872 ಸಹಿಗಳ ಪಾಲಿತ್ತು.

ಸೆಪ್ಟೆಂಬರ್ 19ರಂದು ಗವರ್ನರ್ ಅಂಕಿತ ಹಾಕಿದರು. ಚುನಾವಣೆ ನವೆಂಬರ್ 28ಕ್ಕೆ, ಉಳಿದಿದ್ದು ಹತ್ತು ವಾರ. ಹಾಳೆ ಹಿಡಿದು ಮನೆಮನೆ ಹತ್ತಿದ್ದವರು ಈಗ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟರು. ಯಾವ ಬೀದಿಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. 1,09,461 ಹೆಂಗಸರು ಹೆಸರು ಬರೆಸಿದರು, 90 ಸಾವಿರಕ್ಕೂ ಹೆಚ್ಚು ಮಂದಿ ಓಟು ಹಾಕಿದರು. ಮನವಿಗೆ ಸಹಿ ಹಾಕದವರೂ ಈಗ ಸಾಲಿನಲ್ಲಿದ್ದರು. ಡುನೆಡಿನ್‌ನಲ್ಲಿ ಹೆನ್ರಿ ಫಿಶ್ ಸೋತರು.