ಬ್ಯಾಟರಿಯ ಮಾತು ಯಂತ್ರಕ್ಕೆ ಕೇಳಿಸಲಿ

ಕಾಸರಗೋಡಿನ ಮಳೆಗಾಲವನ್ನು ಬಲ್ಲ ವಾಚಕರಿಗೆ ವಿದ್ಯುತ್ತಿನ ಕಣ್ಣುಮುಚ್ಚಾಲೆಯನ್ನು ವಿವರಿಸಬೇಕಾಗಿಲ್ಲ. ಆಟಿಯ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲು.

ನಮ್ಮ ಮನೆಯ ಮೂಲೆಯಲ್ಲಿ ಹಗಲಿರುಳು ನಡೆಯುವ ಚಿಕ್ಕ ಕಂಪ್ಯೂಟರೊಂದಿದೆ. ಬಲ್ಲವರು ಇದನ್ನು ಸರ್ವರ್ ಎನ್ನುತ್ತಾರೆ. ಊರ ಹಿರಿಯರು ಕೊಟ್ಟ ಹಳೆಯ ಕನ್ನಡ ಪತ್ರಗಳು, ಯಕ್ಷಗಾನ ಪ್ರಸಂಗಗಳ ಕೈಬರಹಗಳು, ಶಾಲೆಯ ಛಾಯಾಚಿತ್ರಗಳು—ಇವೆಲ್ಲವನ್ನು ಸ್ಕ್ಯಾನ್ ಮಾಡಿ ಅದರಲ್ಲಿ ಕೂಡಿಟ್ಟಿದ್ದೇವೆ. ಯು.ಪಿ.ಎಸ್. ಒಂದನ್ನು ಜೋಡಿಸಿ ನಿಶ್ಚಿಂತರಾಗಿಯೂ ಇದ್ದೆವು.

ಕಳೆದ ಮಳೆಗಾಲದ ಒಂದು ರಾತ್ರಿ ಪ್ರಸಂಗವೊಂದರ ಪುಟಗಳನ್ನು ಹೊಸ ಡಿಸ್ಕಿಗೆ ಸಾಗಿಸುವ ಕೆಲಸ ಹಚ್ಚಿ ಮಲಗಿದೆವು. ವಿದ್ಯುತ್ತು ಹೋಯಿತು, ಬ್ಯಾಟರಿ ಬರಿದಾಯಿತು, ಯಂತ್ರ ಕೆಲಸದ ನಡುವೆಯೇ ನಿಂತಿತು. ಬೆಳಗ್ಗೆ ನೋಡಿದರೆ ನಲವತ್ತು ಪುಟಗಳು ತೆರೆಯಲೊಲ್ಲವು. ಮೂಲಪ್ರತಿಯನ್ನು ಮತ್ತೆ ಬೇಡಹೋದಾಗ ಅದಾಗಲೇ ಗೆದ್ದಲಿನ ಬಾಯಿಗೆ ಬಿದ್ದಿತ್ತು.

ತಪ್ಪು ನಮ್ಮದೇ. ಬ್ಯಾಟರಿ ಮುಗಿಯುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಏರ್ಪಾಡನ್ನು ನಾವು ಮಾಡಿರಲಿಲ್ಲ. ಯು.ಪಿ.ಎಸ್.ನಲ್ಲಿ ಯು.ಎಸ್.ಬಿ. ಕಿಂಡಿಯಿದ್ದರೆ ಇದೇನೂ ಕಷ್ಟವಲ್ಲ. ಕೇಬಲಿನಿಂದ ಎರಡನ್ನೂ ಜೋಡಿಸಿ, 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಎಂಬ ಉಚಿತ ತಂತ್ರಾಂಶವನ್ನು ಲಿನಕ್ಸ್ ಯಂತ್ರದಲ್ಲಿ ಸ್ಥಾಪಿಸಬೇಕು. ಇದರಲ್ಲಿ ಕೆಲಸಗಾರರು ಮೂವರು. ಡ್ರೈವರ್ ಯು.ಪಿ.ಎಸ್.ನಿಂದ ಸುದ್ದಿ ತರುತ್ತದೆ. 'ಯುಪಿಎಸ್‌ಡಿ' ಅದನ್ನು ಕೇಳಿದವರಿಗೆ ಹೇಳುತ್ತದೆ. 'ಯುಪಿಎಸ್‌ಮಾನ್' ಕಾವಲಿದ್ದು, ವೇಳೆ ಬಂದಾಗ ಯಂತ್ರವನ್ನು ಕ್ರಮವಾಗಿ ಮುಚ್ಚುತ್ತದೆ. 'ಯುಪಿಎಸ್‌ಸಿ' ಎಂಬ ಆಜ್ಞೆಯಿಂದ ಸ್ಥಿತಿಯನ್ನು ನಾವೂ ಓದಬಹುದು. 'ಓಎಲ್' ಎಂದರೆ ವಿದ್ಯುತ್ತಿದೆ. 'ಓಬಿ' ಎಂದರೆ ಬ್ಯಾಟರಿಯಿಂದ ನಡೆಯುತ್ತಿದೆ. ಅದರ ಜೊತೆಗೆ 'ಎಲ್‌ಬಿ' ಬಂದರೆ ಬ್ಯಾಟರಿ ಕ್ಷೀಣಿಸಿದೆ, ಮುಚ್ಚುವ ಕಾಲ ಬಂದಿದೆ ಎಂದರ್ಥ.

ಪಾಠ ಕೇಳಿದರಷ್ಟೇ ಸಾಲದು, ಒಪ್ಪಿಸಬೇಕು. ಕಡತಗಳ ನಕಲನ್ನು ಮೊದಲು ಬೇರೆಡೆ ಇಟ್ಟು, ಗೋಡೆಯ ಸ್ವಿಚ್ಚನ್ನು ಆರಿಸಿ, ಯಂತ್ರ ತಾನಾಗಿ ಮುಚ್ಚುವವರೆಗೆ ಕಾದು ನೋಡಬೇಕು. ಹಳೆಯ ಬ್ಯಾಟರಿ ನೂರಕ್ಕೆ ನೂರೆಂದು ತೋರಿಸಿ ನಿಮಿಷಗಳಲ್ಲೇ ಕುಸಿಯುವುದುಂಟು. ಸೀಸ-ಆಮ್ಲದ ಬ್ಯಾಟರಿಗಳ ಆಯುಷ್ಯ ಸಾಮಾನ್ಯವಾಗಿ 3ರಿಂದ 5 ವರ್ಷ. ಸೆಖೆಯಲ್ಲಿ ಇನ್ನೂ ಕಡಿಮೆ. ಆದುದರಿಂದ ಪ್ರತಿವರ್ಷ ಮಳೆ ಹಿಡಿಯುವ ಮುನ್ನ ಈ ಪರೀಕ್ಷೆ ನಡೆಯಲಿ.

ಈ ವರ್ಷದ ಮಳೆಯಲ್ಲಿ ನಮ್ಮ ಯಂತ್ರ ಹಲವು ಸಲ ತಾನೇ ಮುಚ್ಚಿ, ತಾನೇ ಎಚ್ಚೆತ್ತಿದೆ. ಒಂದು ಹಾಳೆಯೂ ಕೆಟ್ಟಿಲ್ಲ. ಅಂದಿನ ನಲವತ್ತರಲ್ಲಿ ಇಪ್ಪತ್ತೊಂಬತ್ತು ಪುಟಗಳನ್ನು ಗೆದ್ದಲು ಬಿಟ್ಟ ಪ್ರತಿಯಿಂದ ಮರಳಿ ಪಡೆದೆವು. ಉಳಿದ ಹನ್ನೊಂದನ್ನು ಬಾಯಿಪಾಠವಾಗಿ ಬಲ್ಲ ಭಾಗವತರು ಯಾರಾದರೂ ಇದ್ದಾರೆಯೇ ಎಂದು ಇನ್ನೂ ವಿಚಾರಿಸುತ್ತಿದ್ದೇವೆ.