ಹೋಬಳಿ ಬದಲಾದರೆ ಸರ್ವೆ ನಂಬರ್ ಏನಾಗಬೇಕು?

ಯಲಹಂಕದ ಕಡೆಯ ಜಮೀನಿನ ಪಹಣಿ ಬೇಕೆಂದರೆ ಜಿಲ್ಲೆಯಿಂದ ಶುರುಮಾಡಬೇಕು. ಬೆಂಗಳೂರು ಆರಿಸಿದರೆ ತಾಲ್ಲೂಕುಗಳ ಪಟ್ಟಿ, ಯಲಹಂಕ ಎಂದರೆ ಅದರ ಹೋಬಳಿಗಳು, ಜಾಲ ಹೋಬಳಿ ಎಂದರೆ ಬೆಟ್ಟಹಲಸೂರಿನಂಥ ಊರುಗಳು. ಆಮೇಲೆ ಸರ್ವೆ ನಂಬರ್, ಹಿಸ್ಸಾ. ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ‘ಭೂಮಿ’ ತಂತ್ರಾಂಶ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಅಷ್ಟು ದೊಡ್ಡ ರಾಶಿಯಲ್ಲಿ ನಮ್ಮ ತುಂಡು ನೆಲಕ್ಕೆ ದಾರಿ ತೋರಿಸುವುದು ಒಂದರ ಕೆಳಗೊಂದು ತೆರೆದುಕೊಳ್ಳುವ ಈ ಡ್ರಾಪ್‌ಡೌನ್‌ಗಳೇ.

ಇಂಥ ಅರ್ಜಿಯನ್ನು ಡೆಸ್ಕ್‌ಟಾಪ್ ಪ್ರೋಗ್ರಾಂ ಆಗಿ ಬರೆಯುವವರು ಎಡವುವ ಜಾಗ ಒಂದಿದೆ. ಪಟ್ಟಿಯಲ್ಲಿ ಆಯ್ಕೆ ಬದಲಾದರೆ ಒಂದು ‘ಇವೆಂಟ್’ ಹುಟ್ಟುತ್ತದೆ. ಅದನ್ನು ಹಿಡಿದು ಪ್ರೋಗ್ರಾಂ ಮುಂದಿನ ಪಟ್ಟಿ ತುಂಬುತ್ತದೆ. ಆದರೆ ಬದಲಾಯಿಸಿದ್ದು ಯಾರು? ಮೌಸ್ ಹಿಡಿದ ಮನುಷ್ಯನೋ, ಪಟ್ಟಿ ತುಂಬುವಾಗ ಮೊದಲ ಹೆಸರನ್ನು ತಾನೇ ಆರಿಸಿಕೊಂಡ ಪ್ರೋಗ್ರಾಮೋ? ಪರದೆ ಕಟ್ಟುವ ಸಲಕರಣೆಯಾದ ವಿಂಡೋಸ್ ಫಾರ್ಮ್ಸ್‌ನ ‘ಸೆಲೆಕ್ಟೆಡ್‌ಇಂಡೆಕ್ಸ್‌ಚೇಂಜ್ಡ್’ ಎರಡಕ್ಕೂ ಕೂಗುತ್ತದೆ. ‘ಸೆಲೆಕ್ಷನ್‌ಚೇಂಜ್‌ಕಮಿಟೆಡ್’ ಮನುಷ್ಯ ಆರಿಸಿದರೆ ಮಾತ್ರ. ಅಂಥದೇ ಸಲಕರಣೆಯಾದ ಕ್ಯೂಟಿಯಲ್ಲಿಯೂ ‘ಕರೆಂಟ್‌ಇಂಡೆಕ್ಸ್‌ಚೇಂಜ್ಡ್’ ಮತ್ತು ‘ಆಕ್ಟಿವೇಟೆಡ್’ ನಡುವೆ ಇದೇ ಅಂತರ. ಜಾವಾ ಸ್ವಿಂಗ್‌ನ ‘ಐಟಂ ಇವೆಂಟ್’ ಒಂದು ಆಯ್ಕೆಗೆ ಸಾಮಾನ್ಯವಾಗಿ ಎರಡು ಸಲ ಬರುತ್ತದೆ, ಹಳೆಯದನ್ನು ಬಿಟ್ಟದ್ದಕ್ಕೊಮ್ಮೆ, ಹೊಸದನ್ನು ಹಿಡಿದದ್ದಕ್ಕೊಮ್ಮೆ. ಗಮನಿಸದೆ ಬರೆದರೆ ದತ್ತಾಂಶಕ್ಕೆ ಎರಡೆರಡು ಬಾರಿ ಓಟ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆಯೇ. ಊರನ್ನೂ ಸರ್ವೆ ನಂಬರನ್ನೂ ಆರಿಸಿದ ಮೇಲೆ ಬಳಕೆದಾರ ಮೇಲಕ್ಕೆ ಹೋಗಿ ಹೋಬಳಿ ಬದಲಿಸುತ್ತಾನೆ. ಊರಿನ ಪಟ್ಟಿ ಹೊಸದಾಯಿತು, ಆದರೆ ಕೆಳಗಿನ ಸರ್ವೆ ನಂಬರ್ 12 ಹಾಗೇ ಉಳಿಯಿತು. ಸರ್ವೆ ನಂಬರ್ 12 ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇರುತ್ತದೆ! ಹಾಗಾಗಿ ಪ್ರೋಗ್ರಾಂ ತಪ್ಪೆಂದು ಹೇಳುವುದೇ ಇಲ್ಲ. ಬೇರೆಯವರ ಪಹಣಿಯನ್ನು ಅಚ್ಚುಕಟ್ಟಾಗಿ ತೆರೆದಿಡುತ್ತದೆ. ಮೇಲಿನದು ಬದಲಾದ ಕ್ಷಣವೇ ಅದರ ಕೆಳಗಿರುವ ಎಲ್ಲವೂ ಖಾಲಿಯಾಗಬೇಕು, ‘ತೋರಿಸಿ’ ಗುಂಡಿಯೂ ನಿಷ್ಕ್ರಿಯವಾಗಬೇಕು. ಪ್ರೋಗ್ರಾಂ ನೆನಪಿಟ್ಟುಕೊಳ್ಳಬೇಕಾದದ್ದು ಊರಿನ ಸಂಕೇತ ಸಂಖ್ಯೆಯನ್ನೇ ಹೊರತು ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬುದನ್ನಲ್ಲ. ಹೊಸ ಊರೊಂದು ಸೇರಿ ಪಟ್ಟಿ ಅಕಾರಾದಿಯಾದರೆ ಮೂರನೆಯದು ನಾಲ್ಕನೆಯದಾಗುತ್ತದೆ.

ಸರ್ವರ್ ನಿಧಾನವಾದರೆ ಇನ್ನೊಂದು ತೊಡಕು. ಹೋಬಳಿಗಳ ಪಟ್ಟಿಯಲ್ಲಿ ಕೆಳಬಾಣದ ಕೀಲಿ ಒತ್ತುತ್ತಾ ಜಾಲ ದಾಟಿ ಹೆಸರಘಟ್ಟಕ್ಕೆ ಬಂದು ನಿಂತಿರಿ ಎನ್ನಿ. ಪ್ರತಿ ಹೆಜ್ಜೆಗೂ ಇವೆಂಟ್, ಪ್ರತಿ ಇವೆಂಟ್‌ಗೂ ಒಂದು ಕೋರಿಕೆ. ಜಾಲದ ಊರುಗಳು ತಡವಾಗಿ ಬಂದು ಹೆಸರಘಟ್ಟದ ಪಟ್ಟಿಯ ಮೇಲೆ ಕೂರಬಹುದು. ಅದಕ್ಕೇ ಪ್ರತಿ ಕೋರಿಕೆಗೂ ಒಂದು ಕ್ರಮಸಂಖ್ಯೆ ಕೊಟ್ಟು, ಕೊನೆಯ ಸಂಖ್ಯೆಗೆ ಹೊಂದದ ಉತ್ತರವನ್ನು ಪ್ರೋಗ್ರಾಂ ಅಲ್ಲೇ ಕೈಬಿಡುವಂತೆ ಬರೆಯುತ್ತಾರೆ.